ಗಟ್ಟಿ ನೆಲದ ಮನೆ

ಆ ದೀಪ ಇರಲಿ, ಆರಿಸಬೇಡಿ. ಇದು ಕಟ್ಟಿದ ಕತೆ ಅಲ್ಲ. ನಮ್ಮ ಚಿಕ್ಕಮ್ಮನ ಮಗಳು, ನನಗೆ ಅಕ್ಕ ಆಗಬೇಕು, ಅವಳ ಸಂಸಾರದಲ್ಲಿ ನಡೆದದ್ದು. ನಂಬೋರು ನಂಬಿ. ನಂಬದೋರು ಎದ್ದು ಮನೆಗೆ ಹೋಗಿ... ಒಬ್ಬರೇ ಹೋಗೋ ಧೈರ್ಯ ಇದ್ದರೆ.

ಅಕ್ಕ, ಭಾವ, ಅವರ ಮಗಳು ಚೂಟಿ. ರಜೆಗೆ ಅಂತ ಒಂದು ದ್ವೀಪಕ್ಕೆ ಹೋಗಿದ್ದರು. ಸುತ್ತ ಸಮುದ್ರ, ನಡುವೆ ಹೊಗೆ ಬಿಡೋ ಬೆಟ್ಟ. ಮೊದಲನೇ ರಾತ್ರಿ ಬಂದರಿನ ಹತ್ತಿರ ಊಟ ಮುಗಿಸಿ, ಇಳಿದುಕೊಂಡಿದ್ದ ಮನೆಗೆ ಏರುದಾರೀಲಿ ನಡೆದು ಬರ್ತಿದ್ದರು. ಹೊತ್ತಾಗಿತ್ತು. ಕಾಲ ಕೆಳಗೆ ಕರೀ ಜಲ್ಲಿ... ಚರಕ್... ಚರಕ್. ತಿರುವಿನಲ್ಲಿ ಒಂದು ಹಳೇ ಬಾವಿ, ಅದಕ್ಕೆ ಕಬ್ಬಿಣದ ಮುಚ್ಚಳ. ಭಾವ ಹಾದುಹೋಗ್ತಾ ಬೆರಳ ಗೆಣ್ಣಿನಿಂದ ಅದರ ಮೇಲೆ ಒಂದು ಬಡಿದರು. ಡಂ... ಅಂತು.

ಚೂಟಿ ಅಪ್ಪನ ಅಂಗಿ ಎಳೆದಳು.

"ಅಪ್ಪಾ, ಬಡೀಬೇಡ."

"ಯಾಕೇ?"

"ಒಳಗಿರೋರು ಎದ್ದುಬಿಡ್ತಾರೆ."

ಅಕ್ಕ ಮಗೂನ ಎತ್ತಿಕೊಂಡು ಬಿರಬಿರನೆ ನಡೆದಳು.

ಈ ಬಡಿಯೋ ಚಟದ ಬಗ್ಗೆ ಹೇಳಬೇಕು. ನಮ್ಮ ಭಾವ ಟೈಲ್ಸ್ ಹಾಕೋ ಮೇಸ್ತ್ರಿ. ಟೈಲ್ಸ್ ಕೆಳಗೆ ಸಿಮೆಂಟು ಸರಿಯಾಗಿ ಕೂತಿದ್ದರೆ ಟಕ್ ಅನ್ನುತ್ತೆ. ಟೊಳ್ಳಿದ್ದರೆ ಡಬ್. ಕೆಲಸದಲ್ಲಿ ಸರಿ ಬಿಡಿ. ಈ ಮನುಷ್ಯ ಆಸ್ಪತ್ರೆಗೆ ರೋಗಿ ನೋಡೋಕೆ ಹೋದರೂ ಮೊದಲು ನೆಲ ಬಡಿದು, ಆಮೇಲೆ "ಹೇಗಿದೀರಿ" ಅಂತ ಕೇಳೋದು. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರಲ್ಲ, ಹಾಗೆ.

ಅದಕ್ಕೇ ದ್ವೀಪದಲ್ಲಿ ರೂಮು ಮೊದಲೇ ಗೊತ್ತು ಮಾಡಿರಲಿಲ್ಲ. "ಫೋಟೋದಲ್ಲಿ ನೆಲ ಮಾತಾಡುತ್ತೇನೇ? ಹೋಗಿ, ನೋಡಿ, ಆರಿಸೋಣ" ಅಂದಿದ್ದರು. ಬೆಟ್ಟ ಆಗಾಗ ಅದುರುತ್ತೆ ಅಂತ ಯಾರೋ ಹೇಳಿದ್ದರು. ಇರೋದು ಒಬ್ಬಳೇ ಮಗಳು. ಅವಳು ಮಲಗೋ ಜಾಗ ಭದ್ರವಾಗಿರಬೇಕು, ಅವರಿಗೆ ಅದೊಂದೇ ಚಿಂತೆ.

ಆವತ್ತು ಹಗಲು ಮೊದಲು ನೋಡಿದ ಸಮುದ್ರದ ದಡದ ರೂಮು ಅಕ್ಕನಿಗೆ ತುಂಬಾ ಹಿಡಿಸಿತ್ತು. ಕಿಟಕಿ ತೆಗೆದರೆ ನೀರೇ ನೀರು. ಭಾವ ಕೂತು ನೆಲ ಬಡಿದರು. ಡಬ್. ಬೇಡ ಅಂದರು. ಆಮೇಲೆ ಪೇಟೆ ಓಣೀಲಿ ಬೇಕರಿ ಹಿಂದಿನ ರೂಮು. ಅಲ್ಲೂ ಡಬ್. ಬೇಕರಿ ಹೆಂಗಸು ನಕ್ಕುಬಿಟ್ಟಳು.

"ಇಲ್ಲಿ ಎಲ್ಲ ಮನೇನೂ ಹೀಗೇ ಕಣ್ರೀ. ಬೆಟ್ಟ ಒಡೆದು ಬೆಂಕಿ ಹರಿದಾಗ ಹಳೇ ಊರು ಮುಚ್ಚಿಹೋಯ್ತು. ನಾವು ಅದರ ಮೇಲೆ ಕಟ್ಟಿಕೊಂಡಿದೀವಿ. ಕೆಳಗೆ ಒಂಚೂರು ಜಾಗ ಇದ್ದರೆ ಒಳ್ಳೇದೇ. ಅವರೂ ಇರಬೇಕಲ್ಲ."

"ಯಾರು?" ಅಂದಳು ಅಕ್ಕ.

ಅವಳು ಬ್ರೆಡ್ಡು ಕೊಯ್ಯೋಕೆ ತಿರುಗಿದಳು.

ಇನ್ನು ಉಳಿದದ್ದು ಏರಿನ ಮೇಲೆ, ಬಾವಿ ದಾಟಿದ ಮೇಲೆ ಸಿಗೋ ಕೊನೇ ಮನೆ. ಒಬ್ಬ ಅಜ್ಜಿ ನಡೆಸ್ತಿದ್ದಳು. ಕಲ್ಲು ಹಾಸಿದ ನೆಲ. ಭಾವ ಮೂಲೆ ಮೂಲೆ ಬಡಿದರು. ಟಕ್. ಟಕ್. ಟಕ್. ಮುಖ ಅರಳಿಹೋಯಿತು.

"ಕೆಳಗೆ ಇಲಿಗೂ ಜಾಗ ಇಲ್ಲ!"

"ಹೌದಪ್ಪ" ಅಂದಳು ಅಜ್ಜಿ. "ಪಾಪ, ಇಲ್ಲಿನವರಿಗೆ ಜಾಗ ಇಲ್ಲ."

ಭಾವ ತಮಾಷೆ ಅಂದುಕೊಂಡರು. ಫೋನ್ ನಂಬರ್ ಬರೆಸಿ ಕೀಲಿಕೈ ಇಸಕೊಂಡರು. ಅಳೆದೂ ಸುರಿದೂ ಆರಿಸಿದ ಮನೆ ಅದು.

ಆ ರಾತ್ರಿ ಬಾವಿ ದಾಟಿ ಬಂದವರು ದೀಪ ಆರಿಸಿ ಮಲಗಿದರು. ಚೂಟಿ ಗೋಡೆ ಪಕ್ಕದ ಪುಟ್ಟ ಮಂಚದ ಮೇಲೆ. ದೂರದಲ್ಲಿ ಅಲೆ... ಹುಶ್... ಹುಶ್... ಅಕ್ಕನಿಗೆ ಜೊಂಪು ಹತ್ತಿತ್ತು.

ಟಕ್.

ನೆಲದ ಕೆಳಗಿಂದ.

"ಕೇಳಿಸ್ತಾ?" ಅಕ್ಕ ಪಿಸುಗುಟ್ಟಿದಳು.

"ಬಿಸಿಲಿಗೆ ಕಾದ ಕಲ್ಲು. ಆರುವಾಗ ಹಾಗೇ. ಮಲಕ್ಕೋ."

ಟಕ್... ಇನ್ನೊಂದು ಸಲ.

ಸುಮ್ಮನಿದ್ದಿದ್ದರೆ ಆಗ್ತಿತ್ತೇನೋ. ಕೈ ಸುಮ್ಮನಿರಬೇಕಲ್ಲ! ಭಾವ ಮಂಚದಿಂದ ಬಗ್ಗಿ ನೆಲಕ್ಕೆ ಬಡಿದರು. ಟಕ್ ಟಕ್.

ಕೆಳಗೆ ಸದ್ದು ನಿಂತಿತು... ತುಂಬಾ ಹೊತ್ತು ನಿಂತಿತು. ಆಮೇಲೆ ಅಷ್ಟೇ ಮೆತ್ತಗೆ... ಟಕ್ ಟಕ್.

ಬಾಗಿಲ ಹತ್ತಿರದ ಕಲ್ಲಿನಿಂದ ಶುರುವಾಯಿತು. ಒಂದು ಕಲ್ಲಿಗೆ ಒಂದು ಏಟು. ಆ ಸಾಲು ಮುಗಿದ ಮೇಲೆ ಪಕ್ಕದ ಸಾಲು. ಭಾವನಿಗೆ ತಕ್ಷಣ ಗುರುತು ಹತ್ತಿತು. ಯಾಕಂದರೆ ಅದು ಅವರದೇ ಕೆಲಸ. ಟೊಳ್ಳು ಎಲ್ಲಿದೆ ಅಂತ ಮೇಸ್ತ್ರಿಗಳು ಹುಡುಕೋದು ಹಾಗೇ. ಕೆಳಗೆ ಯಾರೋ ಮೇಲೆ ಬರೋಕೆ ಜಾಗ ಹುಡುಕ್ತಿದ್ದರು.

ಟಕ್... ಕಿಟಕಿ ಕೆಳಗೆ. ಟಕ್... ಬೀರು ಹತ್ತಿರ. ಟಕ್... ಪುಟ್ಟ ಮಂಚದ ಕಾಲಿನ ಹತ್ತಿರ.

ಡಬ್.

ಚೂಟಿ ಮಲಗಿದ್ದ ಕಡೆ, ಮಂಚದ ಅಡಿಯಲ್ಲಿ. ಹಗಲು ಆ ಕಲ್ಲು ಗಟ್ಟಿಯಾಗಿ ಟಕ್ ಅಂದದ್ದನ್ನ ಭಾವ ತಾವೇ ಕೇಳಿದ್ದರು. ಸದ್ದು ಅಲ್ಲಿಗೇ ನಿಂತುಹೋಯಿತು. ಹುಡುಕಿದ್ದು ಸಿಕ್ಕಿತ್ತಲ್ಲ.

"ಏಳೇ!" ಅಂತ ಭಾವ ಹಾರಿ, ಕತ್ತಲಲ್ಲೇ ಮಂಚದ ಮೇಲಿದ್ದ ಮಗೂನ ಹೊದಿಕೆ ಸಮೇತ ಬಾಚಿಕೊಂಡರು. ಅಕ್ಕ ಚಪ್ಪಲಿ ಕೂಡ ಮೆಟ್ಟಲಿಲ್ಲ. ಬಂದರಿನವರೆಗೂ ಬಿದ್ದಂಬೀಳ ಓಡಿ, ಬೆಳಗಾಗೋವರೆಗೂ ದೋಣಿ ಕಟ್ಟೋ ಕಟ್ಟೆ ಮೇಲೆ ಕೂತಿದ್ದರು. ಚೂಟಿ ಒಂದು ಸಲವೂ ಎಚ್ಚರಾಗಲಿಲ್ಲ. ಬದುಕಿದೆವಪ್ಪ ಅಂದುಕೊಂಡು ಮೊದಲನೇ ದೋಣಿ ಹತ್ತಿದರು.

ದಡ ಕಣ್ಣಿಗೆ ಮರೆಯಾಗೋ ಹೊತ್ತಿಗೆ ಅಕ್ಕನ ಫೋನು ರಿಂಗಾಯಿತು. ಅಜ್ಜಿ.

"ಏನಮ್ಮಾ ನೀನು, ಹೆತ್ತವಳಾ? ಮಗೂನ ಇಲ್ಲೇ ಬಿಟ್ಟು ಹೋಗಿದೀಯಲ್ಲ! ಮಂಚದ ಮೇಲೆ ಕೂತು ಅಳ್ತಾ ಇದೆ."

ಫೋನಿನಲ್ಲಿ ಅಜ್ಜಿ ದನಿಯ ಹಿಂದೆ ಅಳು ಕೇಳಿಸ್ತಿತ್ತು. "ಅಮ್ಮಾ... ಅಮ್ಮಾ..." ಚೂಟಿ ದನಿ. ಹೆತ್ತವಳಿಗೆ ಗೊತ್ತಾಗಲ್ವೇ?

ತೊಡೆ ಮೇಲಿದ್ದ ಚೂಟಿ ಆಗ ಕಣ್ಣು ಬಿಟ್ಟಳು.

"ಫೋನ್ ಇಡಮ್ಮ" ಅಂದಳು.

ಭಾವ ಆ ಕಡೆ ದಡದಲ್ಲಿ ಇಳಿದವರೇ ಮುಂದಿನ ದೋಣೀಲಿ ವಾಪಸ್ಸು ಹೋದರು. ಪುಟ್ಟ ಮಂಚ ಖಾಲಿ. ಹಾಸಿಗೆ ಇನ್ನೂ ಬೆಚ್ಚಗಿತ್ತಂತೆ. "ಈಗಷ್ಟೇ ಅಪ್ಪನ ದಾರಿ ನೋಡ್ತೀನಿ ಅಂತ ಹೊರಗೆ ಹೋಯ್ತಪ್ಪ" ಅಂದಳು ಅಜ್ಜಿ. ಬೆಟ್ಟದ ಬುಡವೆಲ್ಲ ಕೂಗಿದರು. ಕತ್ತಲಾಗೋವರೆಗೂ ಕೂಗಿದರು, ಗಂಟಲು ಕಟ್ಟಿಹೋಯಿತು. ಆಮೇಲೆ ಎಷ್ಟೋ ಸಲ ಇಬ್ಬರೂ ಹೋಗಿ ಬಂದಿದಾರೆ. ಇವರಿದ್ದಾಗ ಆ ಮಗು ಕಾಣಿಸಲ್ಲ. ಇವರು ದೋಣಿ ಹತ್ತಿದ ಮೇಲೆ ಅಜ್ಜಿ ಹತ್ತಿರ ಬಂದು ಉಣ್ಣುತ್ತಂತೆ.

ಮನೇಲಿರೋ ಚೂಟಿ ಚೆನ್ನಾಗೇ ಇದಾಳೆ. ಸ್ಕೂಲಿಗೆ ಹೋಗ್ತಾಳೆ, ಹಟ ಮಾಡ್ತಾಳೆ, ನಿಮ್ಮ ಮಕ್ಕಳ ಜೊತೆ ಆಡ್ತಾಳೆ. ಅಕ್ಕ ಅವಳಿಗೆ ತಲೆ ಬಾಚ್ತಾ ಬಾಚ್ತಾ ಕಣ್ಣೀರು ಹಾಕ್ತಾಳೆ.

ಸುಳ್ಳು ಹೇಳಿ ನನಗೇನಾಗಬೇಕು? ಚೂಟಿ ಫ್ರಾಕು ಹೊಲಿಯೋಳು ನಾನೇ ತಾನೇ. ಆವತ್ತಿನಿಂದ ಅಕ್ಕ ವರ್ಷಾ ವರ್ಷಾ ಒಂದೇ ಬಟ್ಟೇಲಿ ಎರಡು ಹೊಲಿಸ್ತಾಳೆ. ಒಂದು ಇಲ್ಲಿಗೆ, ಒಂದು ದ್ವೀಪದ ಅಜ್ಜಿಗೆ. ಮೊನ್ನೆ ಅಜ್ಜಿ ಫೋನ್ ಮಾಡಿ, ಮಗೂಗೆ ಭುಜ ಬಿಗಿಯಾಗ್ತಿದೆ, ಉದ್ದನೂ ಸಾಲ್ತಿಲ್ಲ, ಈ ಸಲಾನೂ ಒಂದು ಅಳತೆ ದೊಡ್ಡದು ಮಾಡಿ ಅಂದಳಂತೆ. ಮಾಡಿದೀನಿ. ಒಳಗೆ ಮೆಷಿನ್ ಮೇಲಿದೆ, ಬೇಕಾದರೆ ಹೋಗಿ ನೋಡಿ.

ಇಲ್ಲಿನ ಚೂಟಿಗೆ ಮಾತ್ರ... ನಾನು ಇವತ್ತಿಗೂ ಹಳೇ ಅಳತೇಲೇ ಕತ್ತರಿಸ್ತಾ ಇದೀನಿ.