ಗುಡ್ಡದಾಚೆಯ ಕರಡಿ

...ಅಂತೂ ಆ ಕರಡೀನ ಹೊಡೆದೆ ತಾನೆ ಯೆಫೀಮ? ನಾನು ಬದುಕಿದೆ ಕಣಪ್ಪ! ಬಾ, ಚಹಾ ಕುಡಿ... ಯಾಕೋ ಬಾಗಿಲಲ್ಲೇ ನಿಂತೆ? ಅತ್ತಿಗೆ ಮನೆ ನಿನಗೆ ಹೊಸದಾ?

ಸಣ್ಣದು ತಾನೆ? ಬಡಕಲು? ಬೆನ್ನಮೇಲೆ ನರೆತ ಹಾಗೆ ಕೂದಲು? ನಾನು ಹೇಳ್ಲಿಲ್ವಾ, ಅದು ನಮ್ಮ ಕಡಲಂಚಿನದಲ್ಲ, ಗುಡ್ಡದಾಚೆಯದು ಅಂತ! ನಮ್ಮವು ಬಿಡು, ಹೊಳೆ ತುಂಬ ಸಾಲ್ಮನ್ ಮೀನು, ತಿಂದು ತಿಂದು ಅದರ ಎರಡರಷ್ಟು ಬೆಳೆದಿವೆ. ಈಗಂತೂ ತಲೆ, ಮೊಟ್ಟೆ ತಿಂದು ಉಳಿದದ್ದನ್ನ ಹದ್ದಿಗೆ ಬಿಡೋವಷ್ಟು ಸೊಕ್ಕು. ಮೀನು ಹೊಗೆಗೆ ಒಣಗಿಸೋ ನನ್ನ ಹೊಗೆಮನೆಗೆ ಯಾಕೆ ಬರ್ತಾವೆ? ಆಚೆಯವು ಪಾಪ, ಗೆಡ್ಡೆ ಅಗೆದು, ಅಳಿಲು ಹಿಡಿದು ಹೊಟ್ಟೆ ಹೊರೀಬೇಕು. ಹಸಿದದ್ದು ನಿನ್ನೆ ಇಳಿದು ಬಂತು, ಬಾಗಿಲು ಮುರೀತು, ನಾಡಿದ್ದು ನಿನ್ನ ಅಣ್ಣ ತೀರಿಕೊಂಡ ನಲವತ್ತನೇ ದಿನದ ಊಟಕ್ಕೆ ಅಂತ ಇಟ್ಟಿದ್ದ ಮೀನನ್ನೆಲ್ಲ ಬಳಿದುಕೊಂಡು ಹೋಯ್ತು. ಅಷ್ಟೇ.

ಯಾಕೆ ನಗ್ತೀಯ? ...ನಗ್ತಾ ಇಲ್ವಾ? ಮತ್ತೆ ಅದೇನು ಮುಖ?

ಪಕ್ಕದ ಮನೆ ಫೆಕ್ಲಾ ಕಿವಿ ಊದಿದ್ಲಾ? ನಾಯಿ ಬೊಗಳಲೇ ಇಲ್ಲ ಅಂದ್ಲಾ? ಅವಳ ನಾಯಿಗೆ ಕಿವಿ ಕೇಳಿಸಲ್ಲ ಕಣೋ! ನೀನೂ ಅಷ್ಟೇ, ಆಗಲೇ ಹೊಗೆಮನೆ ಬಾಗಿಲು ಸವರ್ತಾ ನಿಂತಿದ್ದೆ, ಕಿಟಕಿಯಿಂದ ನೋಡ್ದೆ. ಏನು ಹುಡುಕ್ತಿದ್ದೆ? ಅದು ಉಗುರಿನ ಗಾಯವೇ, ಕೊಡಲಿಯದಲ್ಲ... ಸರಿ, ಕೊಡಲಿ ಅಂತ ನೀನು ಅನ್ನಲಿಲ್ಲ. ಬಾಯಿ ತಪ್ಪಿ ಬಂತು.

ಆ ಬಟ್ಟೆ ಗಂಟಿನಲ್ಲೇನು? ಬೇಡ, ಊಟದ ಮೇಜಿನ ಮೇಲೆ ಬಿಚ್ಚಬೇಡ... ಅಯ್ಯೋ! ಅದರ ಹೊಟ್ಟೆ ಸೀಳಿ ನೋಡಿದ್ಯಾ?

ಗೆಡ್ಡೆ... ಹಣ್ಣು... ಅಳಿಲಿನ ಬಾಲ... ಮೀನು ಕರಗಿರುತ್ತೆ ಬಿಡು! ನಿನ್ನೆಯದು ಇವತ್ತಿಗೆ ಉಳಿದಿರುತ್ತಾ? ...ಒಂದು ಮುಳ್ಳೂ ಇರಲಿಲ್ವಾ?

ಯೆಫೀಮ, ಆ ಗಂಟು ಕಟ್ಟಿಬಿಡೋ.

ಹೊಡೆಯೋ ಮುಂಚೆ ಅದರ ಜೊತೆ ಮಾತಾಡಿರ್ತೀಯ, ಅಲ್ವಾ? ನಿಮ್ಮಪ್ಪ ಕಲಿಸಿದ ಹಾಗೆ, ಯಾಕೆ ಕೊಲ್ತೀನಿ ಅಂತ ಹೇಳಿಯೇ ಹೊಡೆದಿರ್ತೀಯ. ಅವಕ್ಕೆ ನಮ್ಮ ಮಾತೆಲ್ಲ ತಿಳಿಯುತ್ತಲ್ಲ... 'ನಮ್ಮಣ್ಣನ ಮೀನು ಕದ್ದೆ' ಅಂದ್ಯಾ? ಎದ್ದು ನಿಂತು ಕೇಳಿಸ್ಕೊಳ್ತಾ? ಮೈಮೇಲೆ ಬರಲೇ ಇಲ್ವಾ?

ಬೈಯೋ! ನನ್ನನ್ನ ಬೈದುಬಿಡು, ಹಾಗೆ ನೋಡಬೇಡ!

ಈ ಮನೆಗೆ ಬಂದು ಮೂವತ್ತೆಂಟು ವರ್ಷ ಕಣೋ. ಅಲಾಸ್ಕಾದ ಈ ಕೊಲ್ಲಿಯಲ್ಲಿ ಯಾರನ್ನ ಬೇಕಾದ್ರೂ ಕೇಳು, ಅನಿಸ್ಯಾಳ ಹೊಗೆಮನೆ ಬೆಂಕಿ ಒಂದು ಸಲವೂ ಆರಿದ್ದಿಲ್ಲ. ಹೋದ ವಾರ ನಿನ್ನ ಅಣ್ಣನ ದೋಣಿ ಹತ್ರ ಹೋಗಿ ಕೂತೆ. ಮಾರನೇ ದಿನವೂ ಕೂತೆ. ಸೌದೆ ಹಾಕೋದೇ ಮರೆತೆ. ನಿನ್ನೆ ಹೋಗಿ ನೋಡ್ತೀನಿ, ಬೂದಿ ತಣ್ಣಗಿದೆ, ಮೀನಿನ ತುಂಬ ಹುಳ... ಅವನ ಊಟಕ್ಕೆ ಊರವರೆಲ್ಲ ಹಿಡಿದು ಕೊಟ್ಟ ಮೀನು! ಯಾವ ಬಾಯಲ್ಲಿ ಹೇಳಲಿ? ಎಲ್ಲ ಹೊಳೆಗೆ ಸುರಿದೆ. ಆಮೇಲೆ ಕೊಡಲಿ ತಗೊಂಡೆ.

ಎಲ್ಲಿಗೆ ಹೊರಟೆ? ಮತ್ತೆ ಗುಡ್ಡಕ್ಕಾ? ಹಿರಿಯರ ರೂಢಿಯ ಹಾಗೆ ಅದರ ತಲೆ ಅಲ್ಲೇ ಬಿಟ್ಟು ಬಂದಿದೀಯಲ್ಲ, ಸತ್ತ ಮೇಲೂ ಅದಕ್ಕೆ ಕೇಳಿಸುತ್ತೆ ಅಂತಾರೆ...

ತಾಳು, ಶಾಲು ತಗೋತೀನಿ. ಅದು ಕದ್ದಿಲ್ಲ ಅಂತ ಅದಕ್ಕೆ ನಾನೇ ಹೇಳಬೇಕು.