ಜಿನ್ ಎಂದರೆ ಹತ್ತಿಯಲ್ಲ

ನೀಲಾಂಬಿಕ, ಕೋಂ ವೀರಬಸಪ್ಪ, ವಯಸ್ಸು ನಲವತ್ತಮೂರು, ಕಸುಬು ಮನೆಯಲ್ಲಿ ಹೆಣ್ಣುಮಕ್ಕಳಿಗೆ ಇಂಗ್ಲಿಷ್ ಪಾಠ ಹೇಳುವುದು, ವಾಸ ಶಿಕಾರಿಪುರ, ಅಕ್ಕಿ ಗಿರಣಿಯ ಹಿಂದಿನ ಮನೆ. ಸೊರಬದಲ್ಲಿ ದಾಖಲಾಗಿರುವ ಪಾನನಿರೋಧದ ಮೊಕದ್ದಮೆಯಲ್ಲಿ ಆರೋಪಿಯಾಗಿರುವ ಹುಲಿಯಮ್ಮನ ವಿಷಯವಾಗಿ, ಯಾರೂ ಕೇಳದೆ ನಾನಾಗಿ ಬರೆದು ಪೊಲೀಸ್ ಮೇಲಧಿಕಾರಿಗಳಿಗೆ ಒಪ್ಪಿಸುತ್ತಿರುವ ಹೇಳಿಕೆ ಇದು.

ಬಿಟ್ಟುಬಿಡಬೇಕೆಂದಿದ್ದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಿನ್ನೆ ಇದನ್ನು ಒಂದು ಸಲ ಬರೆದಿದ್ದೆ. ಅದರಲ್ಲಿ ‘ನಮ್ಮ ಮನೆಯಲ್ಲಿ ಮದ್ಯ ತಯಾರಾಗುತ್ತಿತ್ತು’ ಎಂದಿತ್ತು. ಓದಿ ನೋಡಿದರೆ ತಯಾರು ಮಾಡಿದವರು ಯಾರೂ ಇರಲಿಲ್ಲ. ಹಾಲು ಒಡೆದ ಹಾಗೆ ಅದು ತಾನಾಗಿ ಆಗಿಹೋಗಿತ್ತು. ಹರಿದು ಹಾಕಿದೆ. ಆ ಮದ್ಯವನ್ನು ಇಳಿಸಿದವಳು ನಾನು. ಕುಡಿದವರು, ಹಂಚಿದವರು ನನ್ನ ಯಜಮಾನರು. ನಮ್ಮ ಮನೆಗೆಲಸದ ಹುಲಿಯಮ್ಮ ತಣ್ಣೀರು ತಂದುಕೊಟ್ಟಳು, ಪಾತ್ರೆ ತೊಳೆದಳು, ಹೇಳಿದಲ್ಲಿಗೆ ಒಯ್ದಳು.

ಕಳೆದ ಅಕ್ಟೋಬರಿನಲ್ಲಿ ಯಜಮಾನರು ನಮ್ಮ ಗಿರಣಿಯ ಸಾಮಾನಿಗೆಂದು ಬೊಂಬಾಯಿಗೆ ಹೋಗಿ ಬರುವಾಗ ಒಂದು ತಾಮ್ರದ ಯಂತ್ರ ತಂದರು. ಒಂದೂವರೆ ಅಡಿ ಎತ್ತರ. ಕೆಳಗೆ ದೊಡ್ಡ ತಂಬಿಗೆಯಂಥ ಪಾತ್ರೆ, ಮೇಲೆ ಕೊಕ್ಕರೆಯ ಕತ್ತಿನ ಹಾಗೆ ಬಾಗಿದ ಕೊಳವೆ, ಪಕ್ಕದಲ್ಲಿ ತಣ್ಣೀರಿನ ಡಬ್ಬಿ. ಅಡುಗೆಮನೆಯ ಕಟ್ಟೆಯಲ್ಲಿ ಪಂಪ್ ಸ್ಟೌವಿನ ಮೇಲೆ ಕೂರುತ್ತದೆ. ಗುಲಾಬಿ ನೀರು ಇಳಿಸುವುದಕ್ಕೆಂದು ಮಾರುತ್ತಾರಂತೆ. ಜೊತೆಗೆ ಒಂದು ಇಂಗ್ಲಿಷ್ ಪುಸ್ತಿಕೆ ಇತ್ತು. ಯುದ್ಧದ ಕಾಲದಲ್ಲಿ ಯಜಮಾನರು ಪುಣೆಯಲ್ಲಿ ದಂಡಿಗೆ ಅಕ್ಕಿ ಒದಗಿಸುತ್ತಿದ್ದಾಗ ಅಲ್ಲಿಯ ಅಧಿಕಾರಿಗಳ ಜೊತೆ ಕೂತು ಜಿನ್ ಎಂಬ ಮದ್ಯ ಕುಡಿಯಲು ಕಲಿತಿದ್ದರು. ನೋಡಲು ನೀರಿನಂತಿರುತ್ತದೆ. ಈಗ ಅವರು ಪಾನನಿರೋಧ ಪ್ರಚಾರ ಸಮಿತಿಯ ಸದಸ್ಯರು. ಕುಡಿತ ಮನೆ ಮುರಿಯುತ್ತದೆ ಎಂದು ಬಳ್ಳಿಗಾವಿಯಲ್ಲಿ ಭಾಷಣ ಮಾಡಿ ಬಂದ ಮರುದಿನವೇ ಪುಸ್ತಿಕೆಯನ್ನು ನನ್ನ ಮುಂದಿಟ್ಟು, “ನೀಲಾ, ನಿನ್ನ ಕಾನ್ವೆಂಟ್ ಇಂಗ್ಲಿಷು ಈ ಮನ್ಯಾಗ ಒಮ್ಮೆಯಾದ್ರೂ ಉಪಯೋಗಕ್ಕ ಬರ್ಲಿ” ಎಂದರು.

ಮದುವೆಯಾದಂದಿನಿಂದ ಅವರು ನನ್ನಿಂದ ಏನನ್ನಾದರೂ ಓದಿಸಿಕೊಂಡದ್ದು ಅದೇ ಮೊದಲು. ನನಗೆ ಸಂತೋಷವಾಯಿತು. ಈಗ ಅದನ್ನು ನೆನೆದರೆ ಸಿಟ್ಟು ಬರುತ್ತದೆ. ಆದರೂ ಸಂತೋಷವಾದದ್ದು ನಿಜ.

ಪುಸ್ತಿಕೆಯಲ್ಲಿ ಹೇಳಿದ್ದ ಕಾಯಿಯನ್ನು ನಾಟಿ ಔಷಧಿ ಮಾರುವ ಗ್ರಂಥಿಗೆ ಅಂಗಡಿಯಲ್ಲಿ ಹಪುಷ ಎನ್ನುತ್ತಾರೆಂದು ಕೇಳಿ ತಿಳಿದುಕೊಂಡೆ. ಬೆಲ್ಲದ ನೀರನ್ನು ಹುಳಿ ಬರಿಸಿ ಒಮ್ಮೆ ಇಳಿಸಿ, ಅದರಲ್ಲಿ ಹಪುಷ, ಕೊತ್ತಂಬರಿ ಬೀಜ, ಹೇರಳೆಕಾಯಿಯ ಸಿಪ್ಪೆ, ಒಂದು ಚೂರು ಬಜೆ ನೆನೆಸಿ ಮತ್ತೆ ಇಳಿಸುತ್ತಿದ್ದೆ. ಮೊದಲೆರಡು ಸಲ ಕೆಟ್ಟಿತು. ಮೂರನೆಯ ಸಲ ಯಜಮಾನರು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿ, “ಪುಣೆ!” ಎಂದರು. ಬಾಟಲಿಗಳ ಮೇಲೆ ‘ಓಮದ ಅರ್ಕ’ ಎಂದು ಚೀಟಿ ಬರೆದು ಅಂಟಿಸಿದವಳೂ ನಾನೇ.

ಡಿಸೆಂಬರಿನ ಒಂದು ಮಧ್ಯಾಹ್ನ ಹುಲಿಯಮ್ಮ ಪಾತ್ರೆ ತೊಳೆಯುತ್ತಾ ಕೇಳಿದಳು: “ಏನ್ರೀ ಅಕ್ಕಾರೆ ಇದು, ಸಾರಾಯೇನ್ರೀ? ವಾಸನೆ ಹಂಗೇ ಐತಲ್ಲ.” ನಾನು, ಇದು ಜಿನ್ ಎಂದೆ. ಅವಳು ನಕ್ಕು, “ಜಿನ್ನಾ? ದಾವಣಗೆರೇಲಿ ಹತ್ತಿ ಬೀಜ ಬಿಡಿಸ್ತಾರಲ್ಲ, ಅದು ಜಿನ್ನು. ಇದ್ರೊಳಗೆ ಹತ್ತಿ ಎಲ್ಲೈತ್ರೀ?” ಎಂದಳು. ಇದು ಬೇರೆ ಜಿನ್, ಹೊಟ್ಟೆಗೆ ತೆಗೆದುಕೊಳ್ಳುವುದು ಎಂದೆ. ಸಾರಾಯಿ ಹೌದೋ ಅಲ್ಲವೋ ಎಂಬುದಕ್ಕೆ ಉತ್ತರ ಕೊಡಲಿಲ್ಲ. ಇಂಗ್ಲಿಷಿನ ಹೆಸರು ಹೇಳಿದರೆ ನಿಜ ಹೇಳಿದ ಹಾಗೂ ಆಯಿತು, ಅವಳಿಗೆ ತಿಳಿಯದ ಹಾಗೂ ಆಯಿತು. ಸುಳ್ಳಾಡಲಿಲ್ಲವೆಂದು ಆ ದಿನ ಸಮಾಧಾನಪಟ್ಟುಕೊಂಡೆ. ಅಂದಿನಿಂದ ಮನೆಯಲ್ಲಿ ಎಲ್ಲರೂ ಜಿನ್ ಎಂದೇ ಧಾರಾಳವಾಗಿ ಹೇಳುತ್ತಿದ್ದೆವು. ಬೀದಿಯಲ್ಲಿ ಹೋಗುವವರು ಕೇಳಿದರೂ ಸಾಹುಕಾರರು ಹತ್ತಿ ವ್ಯಾಪಾರಕ್ಕೆ ಕೈಹಾಕಿದ್ದಾರೆ ಎಂದುಕೊಳ್ಳುತ್ತಿದ್ದರು.

ಹುಲಿಯಮ್ಮನ ಊರು ಸೊರಬ ತಾಲ್ಲೂಕಿನ ಕುಬಟೂರು. ಗಂಡ ತೀರಿಕೊಂಡಿದ್ದಾನೆ. ತಾಯಿ ಬಸಕ್ಕ ಮತ್ತು ಮದುವೆಯ ವಯಸ್ಸಿಗೆ ಬಂದ ಮಗಳು ಅಲ್ಲಿದ್ದಾರೆ. ಅವಳು ಊರಿಗೆ ಹೊರಟಾಗಲೆಲ್ಲ ಯಜಮಾನರು ಅವಳ ಚೀಲದಲ್ಲಿ ಬಾಟಲಿ ಇಟ್ಟು, ಸೊರಬದ ಬಸ್ ನಿಲ್ದಾಣದಲ್ಲಿ ಕಂಟ್ರಾಕ್ಟರ್ ಬೆನಕಪ್ಪನವರಿಗೆ ಕೊಟ್ಟು ಹೋಗು, ಅವರಿಗೆ ಅಜೀರ್ಣ ಎನ್ನುತ್ತಿದ್ದರು. ಬೆನಕಪ್ಪನವರು ಯಜಮಾನರ ಸ್ನೇಹಿತರು. ಹೀಗೆ ಮೂರು ಸಲ ಕೊಟ್ಟಿದ್ದಳು.

ಫೆಬ್ರವರಿ 26, ಬುಧವಾರ. ಅವಳ ಮಗಳಿಗೆ ತೊಗರ್ಸಿಯಿಂದ ಗಂಡು ಗೊತ್ತಾಗಿ ಮಾತು ಮುಗಿಸುವುದಿತ್ತು. ಹುಲಿಯಮ್ಮ ಬೆಳಗಿನ ಬಸ್ಸಿಗೆ ಹೊರಟಳು. ಯಜಮಾನರು ಎರಡು ಬಾಟಲಿ ಇಟ್ಟರು. ನಾನು ನೋಡಿದೆ. ಮುಂದಿನದನ್ನು ಹುಲಿಯಮ್ಮನಿಂದ ಕೇಳಿ, ಮಹಜರಿನಲ್ಲಿರುವುದನ್ನು ಓದಿಸಿಕೊಂಡು ಬರೆಯುತ್ತಿದ್ದೇನೆ. ಸೊರಬದಲ್ಲಿ ಇಳಿಯುವಾಗ ಒಂದು ಬಾಟಲಿಯ ಬಿರಡೆ ಸಡಿಲವಾಗಿ ಚೀಲ ನೆನೆದಿತ್ತು. ವಾಸನೆ ಹಿಡಿದು ಪೊಲೀಸಿನವರು ನಿಲ್ಲಿಸಿದರು. ಬಾಟಲಿಗಾಗಿ ಬಂದಿದ್ದ ಬೆನಕಪ್ಪನವರು ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದರು. ಪಂಚರು ಬೇಕೆಂದಾಗ ಊರಿನ ಮರ್ಯಾದಸ್ಥರೆಂದು ಅವರನ್ನೇ ಕರೆದರು. ಅವರು ಬಾಟಲಿ ಮೂಸಿ, ಇದು ಸಾರಾಯಿ, ಸಂಶಯವಿಲ್ಲ ಎಂದು ರುಜು ಹಾಕಿದ್ದಾರೆ. ಅವರಿಗೆ ಸಂಶಯ ಇರುವುದಾದರೂ ಹೇಗೆ? ಸಂಕ್ರಾಂತಿಯಿಂದ ಅದನ್ನೇ ಕುಡಿಯುತ್ತಿದ್ದಾರೆ. ಹುಲಿಯಮ್ಮ ಅವರ ಮುಖ ನೋಡಿ, “ನಿಮಗೇ ತಂದದ್ದಲ್ರೀ, ಹೇಳ್ರೀ” ಎಂದಳಂತೆ. ಅವರು ಈ ಹೆಂಗಸನ್ನು ನಾನು ಕಂಡೇ ಇಲ್ಲ ಎಂದರಂತೆ.

ಅದೇ ಸಂಜೆ ಕುಬಟೂರಿನ ಮನೆ ಶೋಧಿಸಿ ಒಂದು ಹಂಡೆ, ಒಂದು ನಳಿಕೆ ಜಪ್ತಿ ಮಾಡಲಾಯಿತು. ಮಹಜರಿನಲ್ಲಿ ಇವನ್ನು ಬಟ್ಟಿ ಇಳಿಸುವ ಸಲಕರಣೆ ಎಂದು ಬರೆದಿದೆ. ಹಂಡೆ ಬಸಕ್ಕ ಭತ್ತ ಬೇಯಿಸುವುದು. ನಳಿಕೆ ಒಲೆ ಊದುವ ಊದುಗೊಳವೆ. ಎರಡೂ ಕಡೆ ಬಾಯಿ ತೆರೆದ, ಮೊಳದುದ್ದದ ಬಿದಿರಿನ ಊದುಗೊಳವೆಯಿಂದ ಯಾವ ಮದ್ಯ ಇಳಿಯುತ್ತದೆ ಎಂದು ಮಹಜರು ಬರೆದವರು ತಮ್ಮ ಮನೆಯ ಅಡುಗೆಯವರನ್ನಾದರೂ ಕೇಳಬಹುದಿತ್ತು.

ಮರುದಿನ ಗುರುವಾರ ಸುಮಾರು ಹತ್ತು ಗಂಟೆಗೆ ಸೊರಬ ಠಾಣೆಯ ದಫೇದಾರರು ನಮ್ಮ ಮನೆಗೆ ವಿಚಾರಣೆಗೆ ಬಂದರು. ಯಜಮಾನರು ಕುರ್ಚಿ ಕೊಟ್ಟರು, ನಾನು ಉಪ್ಪಿಟ್ಟು ಕಾಫಿ ಕೊಟ್ಟೆ. ನಮ್ಮ ಮನೆಯ ಖಾಲಿ ಬಾಟಲಿಗಳನ್ನು ಕದ್ದು ಅವಳು ಊರಿನಲ್ಲಿ ಕಳ್ಳಬಟ್ಟಿ ತುಂಬುತ್ತಿರಬೇಕು ಎಂದು ಯಜಮಾನರು ಹೇಳಿಕೆ ಕೊಟ್ಟರು. ಕೈತೊಳೆಯಲು ಒಳಗೆ ಬಂದ ದಫೇದಾರರು ಕಟ್ಟೆಯ ಮೇಲಿನ ಯಂತ್ರ ನೋಡಿ ಇದೇನೆಂದು ಕೇಳಿದರು. ಯಜಮಾನರು, “ಲಾರಿ ಬ್ಯಾಟರಿಗೆ ನೀರು ಇಳಿಸೋದ್ರೀ” ಎಂದರು. ದಫೇದಾರರು ಬಗ್ಗಿ ಮೂಸಿ, “ಒಳ್ಳೇ ಕೊತ್ತಂಬರಿ ವಾಸನೆ ಬರ್ತೈತಲ್ರೀ” ಎಂದರು. “ಅಡಿಗಿಮನಿ ಅಲ್ರೀ, ಮತ್ತೇನು ಬ್ಯಾಟರಿ ವಾಸನಿ ಬರ್ಬೇಕೇನು?” ಎಂದು ಯಜಮಾನರು ನಕ್ಕರು. ದಫೇದಾರರೂ ನಕ್ಕರು. ನಾನು ಎರಡು ಅಡಿ ದೂರದಲ್ಲಿ ಕೈವಸ್ತ್ರ ಹಿಡಿದು ನಿಂತಿದ್ದೆ. ದಫೇದಾರರಿಗೆ ಕೈ ಒರೆಸಲು ಅದನ್ನು ಕೊಟ್ಟೆ.

ಮಾರ್ಚ್ 3, ಸೋಮವಾರ, ಯಜಮಾನರು ಗಿರಣಿಗೆ ಹೋದ ಮೇಲೆ ನಾನೊಬ್ಬಳೇ ಸೊರಬದ ಠಾಣೆಗೆ ಹೋದೆ. ದಫೇದಾರರು ಮರ್ಯಾದೆಯಿಂದ ಕೂರಿಸಿ, ನಿಮ್ಮ ಕೆಲಸದವಳು ಭಾರಿ ಚಾಲಾಕಿ ಎಂದು ತಾವಾಗಿ ಹೇಳಿದರು. ಎಲ್ಲಿಂದ ತಂದೆ ಎಂದರೆ, “ಅಕ್ಕಾರ ಮನೇಲಿ ಜಿನ್ ತೆಗೀತಾರೆ” ಅನ್ನುತ್ತಾಳೆ, “ಜಿನ್ನು ದಾವಣಗೆರೇಲೈತೆ ಕಣಮ್ಮ, ಶಿಕಾರಿಪುರದಾಗೆ ಯಾವಾಗ ಬಂತು? ಹತ್ತಿ ಮೂಟೆ ತೋರ್ಸು” ಎಂದು ತಾವು ಕೇಳಿದಾಗ ಇಡೀ ಠಾಣೆ ನಕ್ಕಿತು ಎಂದರು. ಕಾಗದದಲ್ಲಿ ಏನೆಂದು ಬರೆದಿರಿ ಎಂದು ಕೇಳಿದೆ. ಓದಿ ಹೇಳಿದರು: ‘ಆರೋಪಿಯು ಹತ್ತಿಯ ಜಿನ್ನಿನ ವಿಷಯ ಎತ್ತಿ ಹಾರಿಕೆಯ ಉತ್ತರ ಕೊಟ್ಟಿರುತ್ತಾಳೆ.’

ಈ ಮೊಕದ್ದಮೆಯಲ್ಲಿ ನಿಜ ಹೇಳಿದವಳು ಅವಳೊಬ್ಬಳೇ. ಅದನ್ನೇ ಹಾರಿಕೆ ಎಂದು ಬರೆಯಲಾಗಿದೆ.

ಜಿನ್ ಎಂದರೆ ಮದ್ಯ, ಅದನ್ನು ಮಾಡಿದವಳು ನಾನು, ಬರೆದುಕೊಳ್ಳಿ ಎಂದೆ. ದಫೇದಾರರು ಲೇಖನಿ ಕೆಳಗಿಟ್ಟು, “ಅಕ್ಕಾರೆ, ಮನೆ ಜಗಳ ಮನೇಲೇ ಇರ್ಲಿ. ಸಾವ್ಕಾರ್ರನ್ನ ಕರ್ಕೊಂಡು ಬರ್ರಿ, ಆಮೇಲೆ ನೋಡಾಣ” ಎಂದರು. ನಾನು ಸಾಕ್ಷಿ ಹೇಳಲು ಯಜಮಾನರ ಅಪ್ಪಣೆ ಬೇಕೆಂದು ಯಾವ ಕಾನೂನಿನಲ್ಲಿದೆ ಎಂದು ಕೇಳಿದೆ. ಅವರು ಕಾಫಿ ತರಿಸಲೇ ಎಂದರು.

ಹುಲಿಯಮ್ಮನನ್ನು ನೋಡಲು ಬಿಟ್ಟರು. ಅವಳು ಅಳಲಿಲ್ಲ. “ನೀವು ಹೇಳಿಕೊಟ್ಟಿದ್ದೇ ಹೇಳ್ದೆ ಅಕ್ಕಾರೆ. ಜಿನ್ ಅಂತ್ಲೇ ಹೇಳ್ದೆ. ನಗ್ತಾರೆ. ಸಾರಾಯಿ ಅಂತ ನೀವು ಅವತ್ತೇ ಅಂದಿದ್ರೆ ನಾನು ಆ ಚೀಲ ಮುಟ್ತಿದ್ನಾ? ನಿಮ್ಮ ಇಂಗ್ಲಿಷ್ನ ನನ್ನ ಬಾಯಿಗ್ಯಾಕೆ ಹಾಕಿದ್ರಿ?” ಎಂದಳು. ಆಮೇಲೆ ತೊಗರ್ಸಿಯವರು ಬಂದು ಹೋದರಾ ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಅದು ನಿಜವಾಗಿತ್ತು. ಎರಡು ದಿನದ ಮೇಲೆ ಬಸಕ್ಕ ಹೇಳಿ ಕಳಿಸಿದಳು: ಬಟ್ಟಿ ಮನೆಯ ಹೆಣ್ಣು ಬೇಡವೆಂದು ಗಂಡಿನ ಕಡೆಯವರು ಹಿಂದೆ ಸರಿದಿದ್ದಾರೆ.

ಇದನ್ನು ಯಜಮಾನರಿಗೆ ಹೇಳಿದೆ. ಅವರು ಊಟಕ್ಕೆ ಕೂತಿದ್ದರು. “ಎರಡು ತಿಂಗ್ಳು ಒಳಗಿದ್ದು ಬರ್ತಾಳ. ಅವ್ರ ಮನಿಗೆ ಅಕ್ಕಿ ಕಳಿಸ್ತೀನಿ, ಹುಡುಗಿಗೆ ಬೇರೆ ಗಂಡು ನೋಡ್ಸಿದ್ರಾತು. ಆಕಿಗೇನು ಮಾನ ಹೋಗ್ತೈತಿ? ಹೋಗೋದಾದ್ರ ನಮ್ದು” ಎಂದು ಮಜ್ಜಿಗೆ ಕೇಳಿದರು. ನಾನು ಮಜ್ಜಿಗೆ ಹಾಕಿದೆ. ಆಗಲೇ ಇದನ್ನು ಬರೆಯುವುದೆಂದು ನಿರ್ಧಾರವಾಯಿತು.

ಯಂತ್ರವನ್ನು ಗಿರಣಿಯ ಬಾವಿಗೆ ಹಾಕಿಸೆಂದು ಅವರು ಹೇಳಿದ್ದರು. ಹಾಕಿಸಿಲ್ಲ. ನನ್ನ ತವರಿನ ಟ್ರಂಕಿನಲ್ಲಿ ಪುಸ್ತಿಕೆಯ ಸಮೇತ ಬೀಗ ಹಾಕಿಟ್ಟಿದ್ದೇನೆ. ಜಪ್ತಿಯಾದ ಬಾಟಲಿಯನ್ನು ಯಾರಾದರೂ ಮೂಸಿ ನೋಡಲಿ: ಕೊತ್ತಂಬರಿ, ಹೇರಳೆ, ಬಜೆ. ಬಸಕ್ಕನ ಹಂಡೆಯನ್ನೂ ಮೂಸಲಿ. ಬೇಕಾದರೆ ಪಂಚರ ಎದುರಿಗೆ ಮೊದಲಿನಿಂದ ಕೊನೆಯವರೆಗೆ ಇಳಿಸಿ ತೋರಿಸುತ್ತೇನೆ. ಆ ಪಂಚರಲ್ಲಿ ಬೆನಕಪ್ಪನವರು ಇರಬಾರದು.

ಹುಲಿಯಮ್ಮನನ್ನು ಬಿಡಬೇಕು. ಹಂಡೆಯನ್ನೂ ಊದುಗೊಳವೆಯನ್ನೂ ಕುಬಟೂರಿಗೆ ಹಗಲು ಹೊತ್ತಿನಲ್ಲಿ, ನಾಲ್ಕು ಜನ ನೋಡುವಾಗ ಒಯ್ದು ಕೊಟ್ಟು, ಇದು ಬಟ್ಟಿ ಮನೆಯಲ್ಲ ಎಂದು ಪೊಲೀಸಿನವರ ಬಾಯಿಂದಲೇ ಹೇಳಿಸಬೇಕು. ನನ್ನ ಮೇಲೆ ಯಾವ ಕಲಮು ಬೀಳುತ್ತದೋ ಬೀಳಲಿ. ಕನಿಕರ ತೋರಿಸಿ ಈ ಕಾಗದವನ್ನು ಯಜಮಾನರ ಕೈಗೆ ವಾಪಸು ಕಳಿಸಬಾರದೆಂದು ಕೇಳಿಕೊಳ್ಳುತ್ತೇನೆ. ಇದರ ಇನ್ನೊಂದು ಪ್ರತಿ ಮ್ಯಾಜಿಸ್ಟ್ರೇಟರಿಗೂ ಹೋಗುತ್ತದೆ.

ಮೇಲೆ ಬರೆದದ್ದರಲ್ಲಿ ನಾನು ಮಾಡಿದ್ದು, ಕಂಡದ್ದು ನನ್ನ ಮಾತಿನಲ್ಲಿದೆ. ಕೇಳಿದ್ದನ್ನು ಯಾರು ಹೇಳಿದರೆಂದು ಅಲ್ಲಲ್ಲೇ ಬರೆದಿದ್ದೇನೆ. ಯಾರೂ ಹೇಳಿ ಬರೆಸಿದ್ದಲ್ಲ. ಓದಿ ನೋಡಿ ಸರಿಯಿದೆಯೆಂದು ರುಜು ಹಾಕಿದ್ದೇನೆ.

ಇವತ್ತು ಶನಿವಾರ, ಹೊತ್ತು ಮೀರಿ ಅಂಚೆ ಕಚೇರಿ ಮುಚ್ಚಿದೆ. ನಾಳೆ ರಜೆ. ಯಾವ ದಿನ ಹಾಕುತ್ತೇನೆಂದು ಯಜಮಾನರಿಗೆ ಹೇಳಿದ್ದೇನೆ. ಅಷ್ಟರೊಳಗೆ ಅವರು ತಾವೇ ಸೊರಬಕ್ಕೆ ಹೋಗಿ ನಿಜ ಹೇಳಿದರೆ ಇದು ಅವರ ಹೇಳಿಕೆಯ ಜೊತೆಗಿರಲಿ. ಹೋಗದಿದ್ದರೆ ಇದೊಂದೇ ಬರುತ್ತದೆ. ಗಿರಣಿಯ ಆಳಿನ ಕೈಯಲ್ಲಿ ಕಳಿಸುವುದಿಲ್ಲ. ನಾನೇ ನಡೆದು ಹೋಗಿ ರಿಜಿಸ್ಟರ್ ಮಾಡಿಸುತ್ತೇನೆ.

(ರುಜು) ನೀಲಾಂಬಿಕ
ಶಿಕಾರಿಪುರ
ಬರೆದದ್ದು: ಮಾರ್ಚ್ 8, 1958
ಅಂಚೆಗೆ ಹಾಕುವುದು: ಸೋಮವಾರ, ಮಾರ್ಚ್ 10, 1958