ಅನುಸೂಯಳ ಮೂಳೆಗೆ ಎಷ್ಟು ವಯಸ್ಸು

ಹಲೋ... ಹಲೋ! ಯಾರು ಮಾತಾಡ್ತಿರೋದು? ಆಸ್ಪತ್ರೆನಾ?... ಹಾಂ, ನರ್ಸಮ್ಮನಾ? ನೋಡಮ್ಮ, ನಾನು ದೇವನಹಳ್ಳಿ ಪೋಸ್ಟಾಫೀಸಿಂದ ಮಾತಾಡ್ತಿದ್ದೀನಿ, ಕುಂದಾಣದ ಮುನಿವೆಂಕಟಮ್ಮ. ನಿಮ್ಮ ವಾರ್ಡಲ್ಲಿ ನಲ್ಲೂರಿನ ಅನುಸೂಯ ಅಂತ ಹುಡುಗಿ ಇದ್ದಾಳಲ್ಲ, ಎಡಗೈಗೆ ಪಟ್ಟಿ ಹಾಕಿರೋಳು, ಅವಳಪ್ಪನ್ನ ಕರೀರಿ. ರಾಮಾಂಜಿನಪ್ಪ. ನನ್ನ ತಮ್ಮ... ಇಲ್ಲ, ಆಮೇಲೆ ಮಾಡೋಕಾಗಲ್ಲ. ಈ ಟ್ರಂಕ್ ಕಾಲಿಗೆ ಎರಡು ಗಂಟೆ ಹೊತ್ತು ಕಾದಿದ್ದೀನಿ. ಈಗಲೇ ಕರೀರಿ.

... ಲೇ ರಾಮಾಂಜಿ, ನಾನು ಕಣೋ, ಅಕ್ಕ. ನಿನ್ನ ಜೊತೆ ಬಂದಿದ್ದ ಬೈರಣ್ಣ ಬೆಳಗ್ಗೆ ಊರಿಗೆ ವಾಪಸ್ ಬಂದು ಹೇಳಿದ. ಇವತ್ತು ಎರಡು ಗಂಟೆಗೆ ಮಗು ಸೊಂಟದ ಮೂಳೆ ಕೊರೆದು ಚೂರು ತೆಗೀತಾರಂತೆ. ನಿಜನಾ?... ನಿಜನಾ ಇಲ್ವಾ, ಅಷ್ಟು ಹೇಳು.

... ಯಾಕಂತೆ?... ಉಚ್ಚೆಲಿ ಏನು ಸಿಕ್ತು?... ಹೈಡ್ರಾಕ್ಸಿ... ಇನ್ನೊಂದ್ಸಲ ಹೇಳು. ಹೈಡ್ರಾಕ್ಸಿಪ್ರೋಲಿನ್. ಹಾಂ, ಏನದು?... ಮೂಳೆ ಒಳಗೆ ನಾರಿನ ಥರ ಒಂದಿರುತ್ತೆ, ಮೂಳೆನ ಬಿಗಿಯಾಗಿ ಹಿಡಿದಿರೋದು ಅದೇ, ಅದು ಒಡೆದಾಗ ಇದು ಉಚ್ಚೆಲಿ ಬರುತ್ತೆ. ಗೊತ್ತಾಯ್ತು, ಕಿರುಚಬೇಡ. ಎಷ್ಟಿರಬೇಕಿತ್ತು?... ಐವತ್ತರೊಳಗೆ. ಇವಳಿಗೆ?... ನೂರಾ ನಲವತ್ತು! ಅದಕ್ಕೇ ಮೂಳೆ ಒಳಗೊಳಗೇ ಸವೀತಿದೆ, ಏನು ರೋಗ ಅಂತ ನೋಡೋಕೆ ಚೂರು ಬೇಕಂತಾ?

... ಅಳಬೇಡ. ಮೊದಲು ಮೂಗು ಒರೆಸ್ಕೋ. ಮೂರು ದಿನ ಬಾಡು, ಮೀನು, ಕಾಲು ಸೂಪು ಏನೂ ಕೊಡಬೇಡಿ, ಅದರಿಂದಲೂ ಜಾಸ್ತಿ ತೋರಿಸುತ್ತೆ ಅಂದಿದ್ರಲ್ಲ. ಕೊಟ್ಟಿಲ್ಲ ತಾನೇ?... ಬರೀ ಸೊಪ್ಪಿನ ಸಾರು ಮುದ್ದೆ. ಇಪ್ಪತ್ನಾಲ್ಕು ಗಂಟೆದೂ ಒಂದು ತೊಟ್ಟು ಬಿಡದೆ ಕ್ಯಾನಿಗೆ ಹಿಡಿದ್ರಾ?... ಹಾಂ. ಭೇಷ್. ಎಲ್ಲಾ ಅವರು ಹೇಳಿದ ಹಾಗೇ ಮಾಡಿದ್ದೀಯ.

... ಮತ್ತೆ ಐವತ್ತು ಅಂದ್ಯಲ್ಲ, ಯಾರಿಗೆ ಐವತ್ತು?... ಲೇ, ಕೇಳಿದ್ದಕ್ಕೆ ಉತ್ತರ ಕೊಡು. ದೊಡ್ಡವರಿಗೆ ತಾನೇ? ಬೆಳೆಯೋ ಮಕ್ಕಳಿಗೆಷ್ಟು ಅಂತ ಡಾಕ್ಟ್ರು ಹೇಳಲಿಲ್ವಾ?

... ಹೇಳಿದ್ರಾ!... ಹದಿಮೂರರ ಹುಡುಗಿ ಆಗಿದ್ರೆ ಇಷ್ಟಿದ್ರೂ ನಾನು ತಲೆ ಕೆಡಿಸ್ಕೊಳ್ತಿರಲಿಲ್ಲ ಅಂದ್ರಾ? ಬೆಳೆಯುವಾಗ ಮೂಳೆ ಒಡೆದು ಕಟ್ಟಿ, ಒಡೆದು ಕಟ್ಟಿ ಮಾಡ್ಕೊಳ್ಳುತ್ತೆ ಅಂತ? ಇಷ್ಟೂ ಕೇಳಿಸ್ಕೊಂಡು ನೀನು ಕಲ್ಲುಕಂಬದ ಥರ ನಿಂತಿದ್ಯಾ?

... ಕೈ ಎಕ್ಸ್‌ರೇ ಫೋಟೋ ನೋಡಿನೂ ಕೇಳಿದ್ರಾ? ಮೂಳೆ ತುದಿ ಇನ್ನೂ ಕೂಡಿಲ್ಲ, ವಯಸ್ಸು ಸರಿಯಾಗಿ ಹೇಳಪ್ಪಾ ಅಂತ?... ಆಗ ನೀನು ದೇವರಾಣೆಗೂ ಹದಿನೆಂಟು ಅಂದೆ. ಯಾವ ದೇವರೋ ಅದು, ಹೆಸರು ಹೇಳು.

... ಆದಿನಾರಾಯಣಪ್ಪ ಪಕ್ಕದಲ್ಲೇ ಇದ್ರೆ ಏನಂತೆ? ಬೀಗ ಆಗೋನು, ಯಮ ಅಲ್ಲ... ಗೊತ್ತು ಕಣೋ. ಅವನ ಮಗ ಸರ್ಕಾರಿ ಕೆಲಸದವನು. ಹೋದ ವರ್ಷ ಕಾನೂನು ಬಂತು, ಮದುವೆಗೆ ಹುಡುಗಿಗೆ ಹದಿನೆಂಟು ತುಂಬಿರಬೇಕು, ಇಲ್ದಿದ್ರೆ ಅವನ ಕೆಲಸಕ್ಕೇ ಕುತ್ತು. ಅದಕ್ಕೆ ನೀನು ಮಗಳನ್ನ ನಾಲಿಗೆ ಮೇಲೇ ಐದು ವರ್ಷ ಬೆಳೆಸ್ಬಿಟ್ಟೆ. ಮೂಳೆ ನಿನ್ನ ಮಾತು ಕೇಳುತ್ತೇನೋ?

... ಹೌದು, ನಾನೂ ಸುಮ್ಮನಿದ್ದೆ. ವೀಳ್ಯ ಬದಲಾಯಿಸಿದ ದಿನ ತಟ್ಟೆ ಹಿಡ್ಕೊಂಡು ನಿಂತಿದ್ದೋಳು ನಾನೇ. ನನ್ನ ಕೆನ್ನೆಗೂ ಎರಡು ಬೀಳಬೇಕು, ಒಪ್ಕೊಂಡೆ. ಹಾಗಂತ ನೆಟ್ಟಗಿರೋ ಮಗು ಸೊಂಟಕ್ಕೆ ಬೈರಿಗೆ ಇಡಿಸ್ತೀಯಾ?

... ಸಂಬಂಧ ಹೋಗ್ಲಿ... ಹೋಗ್ಲಿ ಅಂದ್ನಲ್ಲ! ಏನು, ನಿನ್ನ ಹೊಸಿಲು ತುಳೀಬಾರದಾ? ತುಳಿಯಲ್ಲ ಹೋಗೋ. ಅದಕ್ಕೇನು ಚಿನ್ನದ ತಗಡು ಹೊಡೆಸಿದ್ದೀಯಾ? ಡಾಕ್ಟರನ್ನ ಕರಿ. ಕರೀದಿದ್ರೆ ಈಗಲೇ ಬಸ್ಸು ಹತ್ತಿ ಬಂದು ವಾರ್ಡ್ ಬಾಗಿಲಲ್ಲಿ ನಿಂತು ಕೂಗ್ತೀನಿ. ಆದಿನಾರಾಯಣಪ್ಪನ ಊರು ಸಮೇತನಹಳ್ಳಿಗೂ ಕೇಳಿಸಬೇಕು, ಹಾಗೆ... ಹಾಂ, ಕರಿ.

... ಪೋಸ್ಟ್ ಮಾಸ್ಟ್ರೇ, ಇನ್ನು ಮೂರು ನಿಮಿಷ ಕೊಡೋಕೆ ಹೇಳಿ ಎಕ್ಸ್‌ಚೇಂಜಿಗೆ... ಬೈಯೋದಿದ್ರೆ ಆಮೇಲೆ ಬೈರಿ, ನಾನು ಇಲ್ಲೇ ಇರ್ತೀನಿ.

... ಡಾಕ್ಟ್ರಾ? ನಮಸ್ಕಾರ ಸ್ವಾಮಿ. ನಾನು ಅನುಸೂಯಳ ಸೋದರತ್ತೆ. ಅವಳಿಗೆ ಹದಿನೆಂಟಲ್ಲ, ಹದಿಮೂರು... ಹದಿಮೂರು ಸ್ವಾಮಿ. ಅವರಪ್ಪ ಹೇಳಿದ್ದು ಸುಳ್ಳು.

... ಪುರಾವೆನಾ? ಅವಳ ಹೊಕ್ಕುಳ ಬಳ್ಳಿ ಕೊಯ್ದಿದ್ದು ನಾನೇ. ಪಾಕಿಸ್ತಾನದ ಯುದ್ಧ ನಡೀತಿತ್ತು. ಗಂಡಸರೆಲ್ಲಾ ರೇಡಿಯೋ ಸುತ್ತ ಕೂತಿದ್ರು, ಸೂಲಗಿತ್ತಿನ ಕರೆಯೋಕೆ ಒಬ್ಬನೂ ಮೇಲೇಳಲಿಲ್ಲ... ಎಪ್ಪತ್ತೊಂದರದ್ದಲ್ಲ ಸ್ವಾಮಿ, ಅರವತ್ತೈದರದ್ದು. ಬರೋ ಗೌರಿ ಹಬ್ಬ ಕಳೆದ್ರೆ ಹದಿನಾಲ್ಕು ತುಂಬುತ್ತೆ. ಅವಳು ಮೈನೆರೆದು ಏಳು ತಿಂಗಳಾಯ್ತು, ಅಷ್ಟೆ. ಯುಗಾದಿಗೆ ಹೊಲಿಸಿದ ಲಂಗ ದೀಪಾವಳಿಗೆ ಮೀನಖಂಡಕ್ಕೆ ಬಂತು. ರಾತ್ರಿ ಕಾಲು ನೋವು ಅಂತಾಳೆ, ನಿಜ. ಹಂಗೆ ಬೆಳೆದ್ರೆ ನೋಯಲ್ವಾ?

... ಒಂದೇ ವರ್ಷದಲ್ಲಿ ಕೈ ಎರಡು ಸಲ ಮುರಿದಿದ್ದಾ? ಹುಣಸೆ ಮರ ಸ್ವಾಮಿ! ನಲ್ಲೂರು ತೋಪು ನೀವು ನೋಡಿಲ್ಲ. ಆ ಎತ್ತರದಿಂದ ಬಿದ್ರೆ ನಿಮ್ಮ ಕೈಯೂ ಮುರಿಯುತ್ತೆ... ಏನಂತ ಬರೆಸಿದ್ದಾನೆ? ಅಂಗಳದಲ್ಲಿ ಕಾಲು ಜಾರಿದ್ಲು ಅಂತನಾ! ಅಯ್ಯೋ, ಮದುವೆ ಗೊತ್ತಾಗಿರೋ ಹುಡುಗಿ ಮರ ಹತ್ತುತ್ತಾಳೆ ಅಂತ ಬೀಗರ ಮುಂದೆ ಹೇಗೆ ಹೇಳ್ತಾನೆ ಅವನು?

... ಬೈರಿ, ಬೈರಿ, ನ್ಯಾಯವಾಗೇ ಬೈತಿದ್ದೀರ. ಪೊಲೀಸಿಗೆ ಬೇಕಾದ್ರೂ ಹೇಳಿ, ನನ್ನ ಹೆಸರೂ ಸೇರಿಸಿ. ಬೈರಿಗೆ ಮಾತ್ರ ಕೆಳಗಿಡಿ.

... ಅವರಪ್ಪ ಏನಂತಾನೆ?... ಅಕ್ಕನಿಗೆ ನನ್ನ ಮೇಲೆ ಹೊಟ್ಟೆಕಿಚ್ಚು ಅಂತಾನಾ? ಆದಿನಾರಾಯಣಪ್ಪನೂ ಹದಿನೆಂಟೇ ಅಂತಾರಾ? ಅವರೇನು ಹೆರಿಗೆ ಮನೇಲಿದ್ರಾ?... ಆಗ್ಲಿ ಸ್ವಾಮಿ. ಅವರಿಬ್ಬರ ಮಾತೂ ಬೇಡ, ನನ್ನ ಮಾತೂ ಬೇಡ. ಮಗುನ ಯಾರಾದ್ರೂ ಕೇಳಿದ್ರಾ?... ಒಬ್ಬರೂ ಕೇಳಿಲ್ಲ! ಎಲ್ಲಿದ್ದಾಳೆ?... ಅಲ್ಲೇ ಬೆಂಚಿನ ಮೇಲಾ? ಕೊಡಿ ಅವಳಿಗೆ ಫೋನು. ನೀವು ಹತ್ತಿರದಲ್ಲೇ ನಿಂತ್ಕೊಳ್ಳಿ, ದೂರ ಹೋಗಬೇಡಿ.

... ಅನೂ... ನಾನು ಕಣೇ, ಅತ್ತೆ. ಏನಾದ್ರೂ ತಿಂದ್ಯಾ?... ನೀರೂ ಕೊಟ್ಟಿಲ್ವಾ? ಕೊಡ್ತಾರೆ ಇರು. ಅಪ್ಪ ಕಣ್ಣು ಬಿಡ್ತಿದ್ದಾನಾ? ಬಿಡ್ಲಿ. ನೀನು ಆ ಕಡೆ ತಿರುಗಿ ಡಾಕ್ಟ್ರ ಮುಖ ನೋಡು. ಈಗ ಹೇಳು, ನಿನಗೆಷ್ಟು ವರ್ಷ?... ಅಪ್ಪ ಹೇಳ್ಕೊಟ್ಟಿದ್ದಲ್ಲ ಕಣೇ. ನಿಂದು... ಹಾಂ, ಹದಿಮೂರು. ಇನ್ನೊಂದ್ಸಲ... ನನಗೆ ಕೇಳಿಸ್ತು ಮಗಾ, ಅಲ್ಲಿರೋರಿಗೆಲ್ಲಾ ಕೇಳಿಸಬೇಕು. ಜೋರಾಗಿ ಹೇಳು. ಇನ್ನೂ ಜೋ... ಹಲೋ?... ಹಲೋ...